ಕೋಗಿಲೆಗೆ ಯಾರು ಕ್ಲಾಸ್ ತಗೊಂಡಿದ್ದು?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದು ಇಳಿಸಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ. ಪುರುಸೊತ್ತಿಲ್ಲದವರು ಒಂದು ಲೈಕ್ ಒತ್ತಿ ಮುಂದೆ ಹೋಗಿ.

ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಭಾಷಣಗಳೆಲ್ಲ ಮುಗಿದು ಪ್ರಶ್ನೋತ್ತರ ಶುರುವಾಯಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮೈಕು ಹಿಡಿದ ಕೈ ನಡುಗುತ್ತಿತ್ತು. "ಸರ್, ನಾನು ಕಥೆ ಬರೀತೀನಿ. ಕಥೆ ಬರೆಯೋದು ಹೇಳಿಕೊಡೋ ಕ್ಲಾಸಿಗೆ ಸೇರಬೇಕಾ ಬೇಡವಾ ಅಂತ ಗೊತ್ತಾಗ್ತಿಲ್ಲ. ನೀವೇನಂತೀರಿ?"

ವೇದಿಕೆ ಮೇಲಿದ್ದ ಹಿರಿಯ ಸಾಹಿತಿಗಳು (ಹೆಸರು ಬೇಡ, ಕೇಳಬೇಡಿ) ನಕ್ಕರು. "ಕೋಗಿಲೆಗೆ ಯಾರಮ್ಮಾ ಕ್ಲಾಸ್ ತಗೊಂಡಿದ್ದು?"

ಸಭೆಗೆ ಸಭೆಯೇ ನಕ್ಕಿತು. ಚಪ್ಪಾಳೆ ಬೇರೆ. ಹುಡುಗಿ "ಥ್ಯಾಂಕ್ಯೂ ಸರ್" ಅಂದು ಕೂತಳು. ಯಾಕೆ ಥ್ಯಾಂಕ್ಸ್ ಹೇಳಿದಳೋ ದೇವರಿಗೇ ಗೊತ್ತು.

ಕೋಗಿಲೆ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ, ಒಪ್ಪುತ್ತೇನೆ. ಕಾಗೆ ಗೂಡಿನಲ್ಲಿ ಬೆಳೆದರೂ ಅದು ಕಾ ಅನ್ನುವುದಿಲ್ಲ. ಹುಟ್ಟಿನಿಂದ ಬಂದ ಕೂಗು ಅದು. ಆದರೆ ಅದಕ್ಕೆ ಬರುವುದೂ ಅಷ್ಟೇ ಅಲ್ವಾ? ಸಾಯುವ ತನಕ ಅದೇ ಕುಹೂ. ಹಾಡುಹಕ್ಕಿಗಳದು ಬೇರೆಯೇ ಒಂದು ದೊಡ್ಡ ಸಂಸಾರ. ಅವುಗಳ ಮರಿಗಳು ದೊಡ್ಡ ಹಕ್ಕಿಗಳನ್ನು ಕೇಳಿ ಕೇಳಿ ಕಲಿಯುತ್ತವೆ. ಮೊದಲು ತೊದಲುತ್ತವೆ, ಏನೇನೋ ಒದರುತ್ತವೆ, ಆಮೇಲೆ ಹಾಡು ಕೂಡುತ್ತದೆ. ಚಾಫಿಂಚ್ ಅನ್ನುವ ಹಕ್ಕಿಯ ಮರಿಗಳನ್ನು ಒಂಟಿಯಾಗಿ ಬೆಳೆಸಿ ನೋಡಿದ್ದಾರೆ, 1950ರ ದಶಕದಲ್ಲೇ. ಅವುಗಳ ಹಾಡು ಅರೆಬೆಂದದ್ದಾಗಿಯೇ ಉಳಿಯಿತು. ಇದನ್ನೆಲ್ಲ ಅಲ್ಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಉತ್ತರ ಹೊಳೆಯುವುದು ಯಾವಾಗಲೂ ಮೆಟ್ಟಿಲು ಇಳಿಯುವಾಗ, ನಿಮಗೆ ಗೊತ್ತೇ ಇದೆ.

ನನ್ನ ಸಿಟ್ಟು ಕೋಗಿಲೆ ಮೇಲಲ್ಲ. ಅದೇ ಹಿರಿಯರು, ಅದೇ ಮೈಕಿನಲ್ಲಿ, ಅರ್ಧ ಗಂಟೆ ಮುಂಚೆ ಏನು ಹೇಳಿದ್ದರು ಗೊತ್ತಾ? ಕಾಲೇಜಿನಲ್ಲಿ ಅವರ ಮೇಷ್ಟ್ರು ಮೊದಲ ಕಥೆಯನ್ನು ಓದಿ, ಕೆಂಪು ಇಂಕಿನಲ್ಲಿ ಗೀಟು ಹಾಕಿ, ನಾಲ್ಕು ಸಲ ತಿದ್ದಿಸಿ ಬರೆಸಿದರಂತೆ. ಭಾನುವಾರ ಮನೆಗೇ ಕರೆಸಿಕೊಳ್ಳುತ್ತಿದ್ದರಂತೆ. "ಆ ಪುಣ್ಯಾತ್ಮ ಇಲ್ಲದಿದ್ದರೆ ನಾನಿಲ್ಲ" ಅಂತ ಕಣ್ಣು ಒರೆಸಿಕೊಂಡರು. ನಮಗೂ ಕಣ್ಣು ತುಂಬಿತು. ಸ್ವಾಮಿ, ಅದು ಕ್ಲಾಸಲ್ಲದೆ ಮತ್ತೇನು? ಒಬ್ಬನೇ ಶಿಷ್ಯನಿದ್ದ ಕ್ಲಾಸು. ನಿಮಗೆ ಮೇಷ್ಟ್ರು ಸಿಕ್ಕಿದರು. ಆ ಹುಡುಗಿಗೆ ಸಿಕ್ಕಿಲ್ಲ. ಅವಳು ದುಡ್ಡು ಕೊಟ್ಟು ಹುಡುಕಿಕೊಳ್ಳಲಾ ಅಂತ ಕೇಳಿದಳು. ಅಷ್ಟಕ್ಕೆ ನಗಬೇಕಾ?

ಪಕ್ಕದಲ್ಲಿ ಕೂತಿದ್ದವರೊಬ್ಬರು ನನ್ನ ಮುಖ ನೋಡಿ ಸಮಾಧಾನ ಮಾಡಲು ಹೊರಟರು. "ನಮ್ಮದು ಕುರಿತೋದದೆಯುಂ ಪರಂಪರೆ ಅಲ್ವೇ ಮೇಡಂ, ಓದದೇ ಕಾವ್ಯ ಬಲ್ಲವರು ನಾವು." ಅಬ್ಬಾ ಈ ಸಾಲೇ! ಎಲ್ಲಿ ಹೋದರೂ ಅಡ್ಡ ಬರುತ್ತದೆ. ಸರಿ, ಸಾಲು ಚೆಂದವೇ. ಆದರೆ ಅದು ಇರುವುದು ಎಲ್ಲಿ? ಕವಿರಾಜಮಾರ್ಗದಲ್ಲಿ. ಸುಮಾರು 850ರ ಹೊತ್ತಿನದು. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲೇ ಅತಿ ಹಳೆಯದು. ಅದು ಕಥೆಯೋ ಪುರಾಣವೋ ಅಲ್ಲ. ಕವಿತೆ ಹೇಗೆ ಬರೆಯಬೇಕು, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಅಂತ ಹೇಳಿಕೊಡುವ ಪುಸ್ತಕ! ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕಂಡಂತೆ ಸೇರಿಸಿ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಅನ್ನುತ್ತದೆ. ಇದಕ್ಕಿಂತ ಒಳ್ಳೆ ಕ್ಲಾಸ್‌ರೂಮ್ ಟಿಪ್ಪಣಿ ಇನ್ನೊಂದು ಬೇಕಾ? ಅಂದರೆ ಕನ್ನಡದ ಮೊದಲ ಪುಸ್ತಕವೇ ಒಂದು ಬರವಣಿಗೆ ತರಗತಿ. ನಾವು ಅದರಿಂದ ಒಂದೇ ಒಂದು ಸಾಲು ಕಿತ್ತುಕೊಂಡು, ತರಗತಿ ಬೇಡ ಅನ್ನುವುದಕ್ಕೆ ಬಳಸುತ್ತೇವೆ. ಜಾಣರಪ್ಪಾ.

ಕಾಶ್ಮೀರದ ಕ್ಷೇಮೇಂದ್ರ ಅಂತ ಒಬ್ಬನಿದ್ದ, ಹನ್ನೊಂದನೇ ಶತಮಾನದವನು. ಕವಿಯಾಗಬೇಕು ಅನ್ನುವವರಿಗಾಗಿಯೇ ಪುಸ್ತಕ ಬರೆದವನು. ಅರ್ಥವೇ ಇಲ್ಲದ ಪದಗಳನ್ನು ಛಂದಸ್ಸಿಗೆ ತುಂಬಿ ಅಭ್ಯಾಸ ಮಾಡಿ ಅನ್ನುತ್ತಾನೆ. ಇವತ್ತಿನ ಕ್ಲಾಸಿನ ಹೋಂವರ್ಕಿನ ತರಹವೇ. ಅವನು ಶಿಷ್ಯರನ್ನು ಮೂರು ಜಾತಿ ಮಾಡುತ್ತಾನೆ: ಸ್ವಲ್ಪ ಹೇಳಿಕೊಟ್ಟರೆ ಸಾಕಾದವರು, ಒದ್ದಾಡಿ ಕಲಿಯುವವರು, ಏನು ಮಾಡಿದರೂ ಆಗದವರು. ಕೊನೆಯವರ ಬಗ್ಗೆ ಅವನಿಗೆ ಕರುಣೆಯೇ ಇಲ್ಲ. ಎಷ್ಟು ಕಲಿಸಿದರೂ ಕತ್ತೆ ಹಾಡುವುದಿಲ್ಲ ಅನ್ನುತ್ತಾನೆ. ನೋಡಿ, ಹಕ್ಕಿ ಬದಲು ಕತ್ತೆ ತಂದಿದ್ದರೆ ನಮ್ಮ ಹಿರಿಯರ ಮಾತಿಗೂ ಒಂದು ತೂಕ ಬರುತ್ತಿತ್ತು. ಒಟ್ಟಿನಲ್ಲಿ ಕಲಿಸೋಕೆ ಬರುತ್ತಾ ಬರಲ್ವಾ ಅನ್ನುವ ಜಗಳಕ್ಕೆ ಸಾವಿರ ವರ್ಷದ ಹಿಂದೆಯೇ ಉತ್ತರ ಇತ್ತು: ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ. ನೀವು ಯಾವ ಜಾತಿ ಅಂತ ಕೂತು ನೋಡದೇ ಗೊತ್ತಾಗುವುದಿಲ್ಲ.

ಹೊರಗಿನವರ ಕಥೆ ಬೇಕಾದರೆ ಅದೂ ಇದೆ. ಅಮೆರಿಕದ ಅಯೋವಾದಲ್ಲಿ 1936ರಿಂದ ರೈಟರ್ಸ್ ವರ್ಕ್‌ಶಾಪ್ ಅಂತ ಬರವಣಿಗೆ ಕಲಿಸುವ ಕೋರ್ಸ್ ನಡೆಯುತ್ತಿದೆ. ಬರವಣಿಗೆ ಕಲಿಸಲಾಗದು ಅನ್ನುವ ಮಾತನ್ನು ಅವರೇ ಅರ್ಧ ಒಪ್ಪುತ್ತಾರೆ, ಇರುವ ಪ್ರತಿಭೆಯನ್ನು ಬೆಳೆಸಬಹುದು ಅಷ್ಟೇ ಅನ್ನುತ್ತಾರೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಇಂಥದೇ ಕೋರ್ಸ್ ಶುರುವಾಯಿತು. ಅಲ್ಲಿ ಓದಿದ ಕಾದಂಬರಿಕಾರ ಕಜುವೊ ಇಶಿಗುರೊ 2017ರಲ್ಲಿ ನೊಬೆಲ್ ತಗೊಂಡರು. ಕ್ಲಾಸಿನಿಂದಲೇ ನೊಬೆಲ್ ಬಂತು ಅನ್ನುತ್ತಿಲ್ಲ ಮಾರಾಯರೇ. ಕ್ಲಾಸಿಗೆ ಹೋದದ್ದಕ್ಕೆ ತಪ್ಪಿಹೋಗಲಿಲ್ಲ ಅನ್ನುತ್ತಿದ್ದೇನೆ. ನನಗೆ ಜಾಸ್ತಿ ಇಷ್ಟವಾದದ್ದು ಅಲ್ಲಿನ ಇನ್ನೊಬ್ಬ ಕಾದಂಬರಿಕಾರ ಹನೀಫ್ ಕುರೇಶಿಯವರ ಕಥೆ. ಈ ಕೋರ್ಸ್‌ಗಳೆಲ್ಲ ಟೈಮ್ ವೇಸ್ಟ್ ಅಂತ 2014ರಲ್ಲಿ ಒಂದು ಸಾಹಿತ್ಯೋತ್ಸವದಲ್ಲಿ ಹೇಳಿದರು. ಆಗ ಅವರು ಏನು ಕೆಲಸದಲ್ಲಿದ್ದರು? ಒಂದು ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಪ್ರೊಫೆಸರ್!

ಇನ್ನು ನನ್ನ ಕಥೆ. ದಿನವಿಡೀ ಬೇರೆಯವರ ಲೆಕ್ಕ ತಪಾಸಣೆ ಮಾಡುವವಳು ನಾನು. ಏಳು ವರ್ಷದಿಂದ ಮೂರನೇ ಅಧ್ಯಾಯದಲ್ಲೇ ಬಿದ್ದುಕೊಂಡಿರುವ ಆ ಕಾದಂಬರಿ ಬಗ್ಗೆ ಇಲ್ಲಿ ಯಾರೂ ವಿಚಾರಿಸಬಾರದು. ಕ್ಲಾಸಿಗೆ ನಾನು ಎರಡು ಸಲ ಸೇರಿದೆ. ಮೊದಲನೆಯದು ಪೂರಾ ದಂಡ. ಆನ್‌ಲೈನ್, ಅರವತ್ತು ಜನ. ಮೇಷ್ಟ್ರು ತಾವು ಯಾವ ಯಾವ ದೊಡ್ಡವರ ಜೊತೆ ಊಟ ಮಾಡಿದ್ದೇವೆ ಅಂತ ಹೇಳಿದರು. ನಾಯಕನ ಪಯಣದ ಹನ್ನೆರಡು ಮೆಟ್ಟಿಲು ಅಂತ ಕಥೆ ಕಟ್ಟುವ ರೆಡಿಮೇಡ್ ಸೂತ್ರದ ಸ್ಲೈಡು ತೋರಿಸಿದರು. ನಾವು ಬರೆದದ್ದನ್ನು ಒಂದು ಸಲವೂ ಓದಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಬಂತು, ಅದರಲ್ಲಿ ನನ್ನ ಹೆಸರೇ ತಪ್ಪು. ಬರವಣಿಗೆ ಕ್ಲಾಸಿನ ಸರ್ಟಿಫಿಕೇಟು!

ಎರಡನೆಯದರಲ್ಲಿ ಹತ್ತೇ ಜನ, ಹತ್ತು ವಾರ. ವಾರಕ್ಕೆ ಇಬ್ಬರ ಕಥೆ. ಎಲ್ಲರೂ ಮೊದಲೇ ಓದಿಕೊಂಡು ಬರಬೇಕು. ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡುವಂತಿಲ್ಲ. ಈ ಬಾಯಿಮುಚ್ಚು ನಿಯಮ ಎಷ್ಟೋ ಕಡೆ ಹಳೆಯದು, ಅದನ್ನು ಬೈಯುವವರೂ ಇದ್ದಾರೆ. ನನ್ನಂಥ ವಾಚಾಳಿಗೆ ಅದು ಶಿಕ್ಷೆಯೇ. ಆದರೆ ಯೋಚಿಸಿ ನೋಡಿ, ಪುಸ್ತಕ ಅಚ್ಚಾದ ಮೇಲೆ ಒಬ್ಬೊಬ್ಬ ಓದುಗನ ಪಕ್ಕದಲ್ಲಿ ಕೂತು "ಅದು ಹಾಗಲ್ಲ ಸಾರ್, ನಾನು ಹೇಳಿದ್ದು ಹೀಗೆ" ಅನ್ನುವುದಕ್ಕೆ ಆಗುತ್ತಾ?

ನನ್ನ ಕಥೆಯಲ್ಲಿ ಅಕ್ಕ ರಾತ್ರೋರಾತ್ರಿ ಮನೆ ಬಿಟ್ಟು ಹೋಗುತ್ತಾಳೆ. ತಮ್ಮ ಅದನ್ನು ಹೇಳುತ್ತಿದ್ದಾನೆ. "ಭಾರವಾದ ಹೃದಯದಿಂದ ಅವಳು ಹೊಸಿಲು ದಾಟಿದಳು" ಅಂತ ಬರೆದಿದ್ದೆ. ಬರೆದ ದಿನ ನನಗೇ ಅಳು ಬಂದಿತ್ತು. ಕ್ಲಾಸಿನಲ್ಲಿ ಯಾರೂ ಅಳಲಿಲ್ಲ. ಪಾಠ ಮಾಡುವವರು ಕೇಳಿದರು: "ಹುಡುಗ ಒಳಗೆ ಮಲಗಿದ್ದಾನೆ. ಅಕ್ಕನ ಹೃದಯ ಭಾರ ಆಗಿದ್ದು ಅವನಿಗೆ ಹೇಗೆ ಗೊತ್ತಾಯ್ತು?" ನಿವೃತ್ತರಾದ ಒಬ್ಬರಿದ್ದರು, ಜಾಸ್ತಿ ಮಾತಾಡದವರು. ಅವರು ಕೇಳಿದ್ದು ಇನ್ನೂ ಸಣ್ಣ ಪ್ರಶ್ನೆ. "ಅವಳು ಚಪ್ಪಲಿ ಹಾಕ್ಕೊಂಡಿದ್ಲಾ?"

ನನಗೆ ಗೊತ್ತಿರಲಿಲ್ಲ.

ಒಂದು ವಾರ ಆ ಮನುಷ್ಯನ ಮೇಲೆ ಎಂಥಾ ಸಿಟ್ಟು ನನಗೆ! ಹೆಣ್ಣೊಬ್ಬಳು ಮನೆ ಬಿಟ್ಟು ಹೋಗುತ್ತಿದ್ದಾಳೆ, ಇವರಿಗೆ ಚಪ್ಪಲಿ ಚಿಂತೆ. ಸ್ನಾನ ಮಾಡುವಾಗ, ಲೆಕ್ಕ ನೋಡುವಾಗ, ಎಲ್ಲೆಲ್ಲೂ ಅದೇ ತಲೆ ತಿನ್ನುತ್ತಿತ್ತು. ಹಾಕಿಕೊಂಡಿದ್ದರೆ ಸದ್ದಾಗುತ್ತದೆ, ಅಪ್ಪ ಏಳುತ್ತಾರೆ. ಹಾಗಾದರೆ ಕೈಯಲ್ಲಿ ಹಿಡಿದಿದ್ದಳು. ಗೇಟು ದಾಟಿದ ಮೇಲೆ ಹಾಕಿಕೊಂಡಳು. ತಮ್ಮನಿಗೆ ಎಚ್ಚರವಿತ್ತು. ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ದೂರದಲ್ಲಿ ಚಟ್ ಚಟ್ ಅಂತ ಚಪ್ಪಲಿ ಸದ್ದು ಕೇಳಿಸಿತು. ಹೃದಯದ ಸಾಲು ಹೊಡೆದುಹಾಕಿದೆ. ಆ ಕಥೆ ನೀವೆಲ್ಲ ಓದಿದ್ದೀರಿ. ತುಂಬಾ ಜನ ಹೊಗಳಿದ್ದು ಆ ಸದ್ದನ್ನೇ. ಕ್ರೆಡಿಟ್ ನಾನೇ ತಗೊಂಡೆ, ಈಗ ಹೇಳುತ್ತಿದ್ದೇನೆ ನೋಡಿ.

ಇಂಥದ್ದು ಒಂಟಿಯಾಗಿ ಕೂತರೆ ಹೊಳೆಯುವುದಿಲ್ಲವಾ? ಹೊಳೆಯುತ್ತದೆ, ಹತ್ತು ವರ್ಷಕ್ಕೆ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಅಂತ ಹೇಳಿಕೊಳ್ಳಲು ಕುಮಾರವ್ಯಾಸನಿಗೆ ಹಕ್ಕಿದೆ. ನಮಗೆ ಬಳಪಕ್ಕಿಂತ ಮೊದಲು ಒರೆಸುವ ಬಟ್ಟೆ ಬೇಕು. ಎಲ್ಲಿ ಒರೆಸಬೇಕು ಅಂತ ತೋರಿಸುವ ಬೆರಳೂ ಬೇಕು.

"ಕ್ಲಾಸಿಗೆ ಹೋದವರೆಲ್ಲ ಒಂದೇ ತರಹ ಬರೀತಾರೆ" ಅನ್ನುವವರಿದ್ದಾರೆ. ಇರಬಹುದು. ಕ್ಲಾಸಿಗೆ ಹೋಗದವರು ಬರೆಯುವುದನ್ನೂ ನಾನು ದಿನಾ ಓದುತ್ತೇನೆ. ಅಲ್ಲಿ ಎಲ್ಲರೂ ಕಿಟಕಿ ಪಕ್ಕ ಕೂತಿರುತ್ತಾರೆ. ಹೊರಗೆ ಮಳೆ ಬರುತ್ತಿರುತ್ತದೆ. ಹಳೆಯ ನೆನಪೊಂದು ಒದ್ದೆಯಾಗಿರುತ್ತದೆ. ಒಂದೇ ತರಹ ಬರೆಯುವುದಕ್ಕೆ ಫೀಸು ಕಟ್ಟಬೇಕಾದ ಅಗತ್ಯವೇನೂ ಇಲ್ಲ.

ದುಡ್ಡಿನ ಮಾತು ಬೇರೆ. ಅದನ್ನು ನಗೆಯಾಡುವುದಿಲ್ಲ. ಎಲ್ಲರಿಗೂ ಕಟ್ಟಲು ಆಗುವುದಿಲ್ಲ, ಸಾಲ ಮಾಡಿ ಸೇರುವಂಥದ್ದಂತೂ ಅಲ್ಲವೇ ಅಲ್ಲ. ಮೂರು ನಾಲ್ಕು ಜನ ವಾರಕ್ಕೊಮ್ಮೆ ಕೂತು ಓದಿಕೊಂಡರೂ ಆಗುತ್ತದೆ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ್ದ ಗೆಳೆಯರ ಗುಂಪಿನಲ್ಲಿ ಯಾರು ಯಾರಿಗೆ ಫೀಸು ಕಟ್ಟಿದ್ದರು? ಒಂದೇ ತೊಂದರೆ, ಆ ಗೆಳೆಯರು ನಿಜ ಹೇಳುವವರಾಗಿರಬೇಕು. ನೀವೆಲ್ಲ ನನ್ನ ಗೆಳೆಯರೇ. ಆದರೆ ನಾನು ಏನು ಹಾಕಿದರೂ ಎರಡು ನಿಮಿಷದಲ್ಲಿ "ಸೂಪರ್ ಮೇಡಂ" ಅನ್ನುತ್ತೀರಲ್ಲ, ನಿಮ್ಮನ್ನು ಹೇಗೆ ನಂಬಲಿ?

ಇನ್ನೊಂದು ವಿಷಯ ಹೇಳದೇ ಹೋದರೆ ಮೋಸವಾಗುತ್ತದೆ. ಆ ಮೊದಲ ಕ್ಲಾಸಿಗೆ ನಾನು ಸೇರಿದ್ದು ಕಲಿಯುವುದಕ್ಕಲ್ಲ. ಬರೆಯುವುದನ್ನು ಮುಂದೂಡುವುದಕ್ಕೆ. ಕ್ಲಾಸು ಮುಗಿದ ಮೇಲೆ ಶುರು ಮಾಡೋಣ ಅಂತ. ಹೊಸ ನೋಟ್‌ಬುಕ್, ಹೊಸ ಪೆನ್ನು, ಟೈಮ್‌ಟೇಬಲ್, ಎಲ್ಲ ಆಯಿತು, ಬರವಣಿಗೆ ಒಂದು ಬಿಟ್ಟು. ಆದ್ದರಿಂದ ಕೈಯಲ್ಲಿ ಎರಡು ಮೂರು ಕಥೆ ಇಲ್ಲದವರು ಸೇರಬೇಡಿ ಅಂತಲೇ ಹೇಳುತ್ತೇನೆ. ತಿದ್ದುವುದಕ್ಕೆ ಏನಾದರೂ ಬೇಕಲ್ಲ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಾನು ಬರೆದದ್ದನ್ನು ಯಾರು ಓದುತ್ತಾರೆ, ಎಷ್ಟು ಸಲ ಓದುತ್ತಾರೆ? "ಪುಸ್ತಕ ಪ್ರಕಟ ಮಾಡಿಸಿಕೊಡ್ತೀವಿ" ಅಂತ ಉತ್ತರ ಬಂದರೆ ಓಡಿ.

ಇದೇ ಮಾತನ್ನು ನಿನ್ನೆ ಆ ಹುಡುಗಿಗೂ ಹೇಳಿದೆ. ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಒಬ್ಬಳೇ ನಿಂತಿದ್ದಳು. "ಹಾಗಾದ್ರೆ ಸೇರಲಾ ಮೇಡಂ?" ಅಂದಳು. "ಸೇರೋದು ಆಮೇಲೆ, ಮೊದಲು ಬರೆದಿರೋದು ಕಳಿಸು" ಅಂದೆ. ಅಂದದ್ದು ಸುಮ್ನೆ, ಕಳಿಸುವುದಿಲ್ಲ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದೂವರೆಗೆ ಹದಿನಾಲ್ಕು ಪುಟ ಬಂತು.

ಮೊದಲ ಎರಡು ಪುಟ ಬೇಡವೇ ಬೇಡ. ಮೂರನೇ ಪುಟದಲ್ಲಿ ಒಬ್ಬ ಮುದುಕ ನಡುರಾತ್ರಿ ಎದ್ದು, ಬಾಗಿಲು ತೆಗೆದು ಹೊರಗೆ ಹೋಗುತ್ತಾನೆ. ಅಲ್ಲಿಂದ ನಾನು ನಿಲ್ಲಿಸದೇ ಓದಿದೆ. ನಿಜವಾಗಿ ಬರೆಯಬಲ್ಲಳು. ಅದನ್ನೇ ಹೇಳಿ ಮಲಗಬಹುದಿತ್ತು. ಬೆಳಿಗ್ಗೆ ಕೂತು, ಎರಡು ಪುಟ ತೆಗೆದುಹಾಕು ಅಂತ ಬರೆದೆ. ಆಮೇಲೆ ಇನ್ನೊಂದು ಮೆಸೇಜು: "ಹೊರಗೆ ಹೋಗುವಾಗ ಮುದುಕನ ಕೈಯಲ್ಲಿ ಏನಿತ್ತು?"

ನೀಲಿ ಗೆರೆ ಬಿದ್ದು ನಾಲ್ಕು ಗಂಟೆಯಾಯಿತು. ಉತ್ತರ ಬಂದಿಲ್ಲ. ನನ್ನನ್ನು ಚೆನ್ನಾಗಿ ಬೈದುಕೊಳ್ಳುತ್ತಿರಬೇಕು.