ಸಾಲ ಅಲ್ಲ ಸ್ವಾಮಿ, ಖರೀದಿ!

ಅಮೆರಿಕದಲ್ಲಿ ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್ (ವ್ಯಾಪಾರಿಗೆ ಈಗ ದುಡ್ಡು, ವಾಪಸ್ ಅವನ ಮುಂದಿನ ವ್ಯಾಪಾರದಿಂದ) ಕೊಡುವವರ ಎದುರು 'ಸಾಲ' ಎಂದುಬಿಟ್ಟರೆ ಮುಗೀತು, ಮುಖ ಕೆಂಪಾಗುತ್ತದೆ. 'ಸಾಲ ಅಲ್ಲ ಸ್ವಾಮಿ, ನಿಮ್ಮ ಮುಂದಿನ ವ್ಯಾಪಾರದಲ್ಲಿ ಒಂದು ಪಾಲು ಕೊಂಡುಕೊಂಡಿದ್ದೇವೆ!' ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಾವು ಸುಮ್ನೆ ಆಡಿಕೊಂಡೆವು. ಇವರು ಕೂಸನ್ನೇ ಕೊಂಡಾಯ್ತು.

ಆ ಪದದ ಮೇಲೆ ಇಷ್ಟು ಸಿಟ್ಟು ಯಾಕೆ? ನ್ಯೂಯಾರ್ಕ್‌ನಲ್ಲಿ ಸಾಲಕ್ಕೆ ವರ್ಷಕ್ಕೆ 25 ಪರ್ಸೆಂಟ್ ದಾಟಿ ಬಡ್ಡಿ ಹಾಕಿದರೆ ಕ್ರಿಮಿನಲ್ ಅಪರಾಧ. ಸಾಲವೇ ಇಲ್ಲ ಅಂದಮೇಲೆ ಬಡ್ಡಿ ಎಲ್ಲಿಯದು!

ಮೂರು ಟ್ರಕ್ ಇಟ್ಟುಕೊಂಡ ಒಬ್ಬ ಮಾಲೀಕ 50,000 ಡಾಲರ್ ತಗೊಂಡ ಅಂದುಕೊಳ್ಳಿ. 'ಫ್ಯಾಕ್ಟರ್ ರೇಟ್ 1.4' ಅನ್ನುತ್ತಾರೆ. ಕೇಳೋಕೆ ಕನ್ನಡಕದ ನಂಬರಿನ ಹಾಗಿದೆ. ಅರ್ಥ ಇಷ್ಟೇ, 70,000 ವಾಪಸ್ ಕೊಡಬೇಕು. 120 ಕೆಲಸದ ದಿನಕ್ಕೆ ಹಂಚಿದರೆ, ಅವನು ಹಲ್ಲುಜ್ಜುವ ಹೊತ್ತಿಗೆ ದಿನಾ ಒಂದು ಮೆಸೇಜ್: 583.33 ಡಾಲರ್ ಡೆಬಿಟ್. ಟ್ರಕ್ ಗ್ಯಾರೇಜಿನಲ್ಲಿ ಮಲಗಿದ್ದರೂ ಡೆಬಿಟ್ ಮಲಗುವುದಿಲ್ಲ. ವ್ಯಾಪಾರ ಇಳಿದರೆ ಕಂತೂ ಇಳಿಸಬಹುದು ಎಂಬ ಷರತ್ತು ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಕೇಳಿ ಪಡೆಯೋದು ಬೇರೆ ಕಥೆ. ಕೈ ಖಾಲಿಯಾಯ್ತಾ? ಎರಡನೇ ಅಡ್ವಾನ್ಸ್. ಆಮೇಲೆ ಮೂರನೆಯದು. ದಂಧೆಯವರು ಇದಕ್ಕೆ 'ಸ್ಟ್ಯಾಕಿಂಗ್' ಅನ್ನುತ್ತಾರೆ.

ಈಗ ಪಾಪದ ಫ್ಯಾಕ್ಟರಿಂಗ್ ಕಂಪನಿಗೆ ಬರೋಣ. (ಫ್ಯಾಕ್ಟರ್ ರೇಟಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಹೆಸರಷ್ಟೇ ಒಂದೇ.) ಇದು ಹಳೇ ಕಸುಬು. ಸರಕು ತಲುಪಿಸಿ ಬಿಲ್ ಹಾಕಿದ ಮೇಲೆ ದುಡ್ಡು ಬರೋಕೆ ತಿಂಗಳು ಎರಡು ತಿಂಗಳು ಬೇಕು. ಫ್ಯಾಕ್ಟರ್, ಅಂದರೆ ಈ ಕಂಪನಿಯವನು, ಆ ಬಿಲ್ ಕೊಂಡು, ಬಹುಪಾಲು ಹಣ ಮೊದಲೇ ಕೊಟ್ಟು, ಗಿರಾಕಿಯಿಂದ ತಾನೇ ವಸೂಲಿ ಮಾಡುತ್ತಾನೆ. ಕೊಂಡದ್ದು ಕಣ್ಣಿಗೆ ಕಾಣುವ ಬಿಲ್. ಆದರೆ ಇವತ್ತಿನ ಬಿಲ್ ಅಂದರೆ ಹೋದ ತಿಂಗಳಿನ 'ಮುಂದಿನ ವ್ಯಾಪಾರ' ಅಲ್ವಾ? ಅದನ್ನು ಅಡ್ವಾನ್ಸ್‌ನವರೂ ಕೊಂಡಿದ್ದಾರೆ. ಹಸು ಒಂದೇ, ಚೆಂಬು ಹಿಡಿದು ನಿಂತವರು ನಾಲ್ವರು.

ತನ್ನ ಪಾಲನ್ನು ಸರ್ಕಾರಿ ದಾಖಲೆಯಲ್ಲಿ ಮೊದಲು ನೋಂದಾಯಿಸಿದವರಿಗೆ ಮೊದಲ ಹಕ್ಕು ಎನ್ನುವುದು ಅಲ್ಲಿನ ಸಾಮಾನ್ಯ ನಿಯಮ. ಫ್ಯಾಕ್ಟರ್ ಮುಂದಿದ್ದರೂ ನಿದ್ದೆ ಬರುವುದಿಲ್ಲ. ಕಂತು ತಪ್ಪಿದರೆ ಅಡ್ವಾನ್ಸ್‌ನವರು ನೇರ ಗಿರಾಕಿಗೇ ಪತ್ರ ಬರೆಯುತ್ತಾರೆ: 'ದುಡ್ಡು ನಮಗೆ ಕೊಡಿ.' ಫ್ಯಾಕ್ಟರ್‌ನ ನೋಟಿಸ್ ಮೊದಲೇ ಟೇಬಲ್ ಮೇಲಿದೆ. ಗಿರಾಕಿ ಜಾಣ, ಇಬ್ಬರಿಗೂ ಕೊಡುವುದಿಲ್ಲ. ಸರಿ, ಈ ಎರಡನೆಯವನು ಯಾರು ಎಂದು ನೋಂದಣಿ ಹುಡುಕಿದರೆ ಎಷ್ಟೋ ಸಲ ಸಿಗುವುದು 'ಪ್ರತಿನಿಧಿ' ಎಂದು ಬರೆದುಕೊಂಡ ಬೇರೊಂದು ಕಂಪನಿ. ಯಾರ ಪ್ರತಿನಿಧಿ? ಅದೊಂದು ಬರೆದಿಲ್ಲ.

ಹಾಗಾಗಿ ಫ್ಯಾಕ್ಟರ್ ಈಗ ಬಿಲ್ಲಿಗಿಂತ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾನೆ. ದಿನಾ ಒಂದೇ ಮೊತ್ತ ಹೋಗಿದೆಯಾ? ಹೋಗಿದ್ದರೆ 'ಆಗಲ್ಲ' ಅನ್ನಬೇಕು, ಇಲ್ಲವೇ ಅಡ್ವಾನ್ಸ್ ತಾನೇ ತೀರಿಸಿ ಆಮೇಲೆ ಬಿಲ್ ಮುಟ್ಟಬೇಕು.

ಅಡ್ವಾನ್ಸ್ ಕೊಡುವವರದು ಇನ್ನೊಂದು ತಮಾಷೆ ಇತ್ತು. ಕೇಸು ಹಾಕುವ ಮುಂಚೆಯೇ 'ನಾನು ಸೋತೆ' ಎಂದು ಮಾಲೀಕನ ಸಹಿ ಹಾಕಿಸಿಕೊಳ್ಳುವುದು. ಹೊರರಾಜ್ಯದವರ ಮೇಲೆ ಇದನ್ನು ಬಳಸಬಾರದು ಎಂದು ನ್ಯೂಯಾರ್ಕ್‌ಗೆ ಹೊಳೆದದ್ದು 2019ರಲ್ಲಿ. 2025ರ ಜನವರಿಯಲ್ಲಿ ಅಲ್ಲಿನ ಅಟಾರ್ನಿ ಜನರಲ್, ಯೆಲ್ಲೋಸ್ಟೋನ್ ಕ್ಯಾಪಿಟಲ್ ಎಂಬ ಅಡ್ವಾನ್ಸ್ ಕಂಪನಿಯ ಜೊತೆ 100 ಕೋಟಿ ಡಾಲರ್ ಮೀರಿದ ರಾಜಿ ಮಾಡಿಕೊಂಡರು. ಸಣ್ಣ ವ್ಯಾಪಾರಿಗಳ 50 ಕೋಟಿ ಡಾಲರಿಗೂ ಜಾಸ್ತಿ ಬಾಕಿ ಮನ್ನಾ ಆಯ್ತು.

ಸಾಲವೇ ಅಲ್ಲದ ಮೇಲೆ ಮನ್ನಾ ಮಾಡೋಕೆ ಬಾಕಿ ಎಲ್ಲಿಂದ ಬಂತೋ.