ರಶ್ ಇರಲ್ಲ ಭಾವ

ಏಪ್ರಿಲ್ 10ಕ್ಕೆ ಮಕ್ಕಳ ಕೈಗೆ ಅಂಕಪಟ್ಟಿ ಕೊಟ್ಟು ಶಾಲೆಯವರು ಕೈ ತೊಳೆದುಕೊಂಡರು. 11ಕ್ಕೆ ಬೆಳಗ್ಗೆ ಭಾವಮೈದುನನ ಫೋನು. "ಭಾವ, ಥೀಮ್ ಪಾರ್ಕಿಗೆ ಹೋಗೋದಾದ್ರೆ ಈಗ್ಲೇ ಹೋಗ್ಬೇಕು. ರಜೆ ಈಗಷ್ಟೇ ಶುರುವಾಗಿದೆ. ಜನ ಎಲ್ಲಾ ಊರಿಗೆ ಹೋಗೋ ಗಡಿಬಿಡೀಲಿ ಇರ್ತಾರೆ. ರಶ್ ಇರಲ್ಲ."

ಕರ್ನಾಟಕದ ಪ್ರತಿ ಮನೆಗೂ ಇಂಥ ಒಬ್ಬ ಭಾವಮೈದುನ ಇದ್ದಾನೆ ಅಂತ ನನಗೆ ಗೊತ್ತಾಗಿದ್ದು ಪಾರ್ಕಿಂಗ್ ಜಾಗದಲ್ಲಿ. ಕಾರು ಸಿಕ್ಕಿಸುವುದಕ್ಕೇ ಮುಕ್ಕಾಲು ಗಂಟೆ ಬೇಕಾಯಿತು.

ಕೌಂಟರಿನಲ್ಲಿ ಸೀಸನ್ ದರದ ಬೋರ್ಡು. "ಸೀಸನ್ ಯಾವಾಗ ಶುರುವಾಯ್ತಪ್ಪ?" ಅಂತ ಕೇಳಿದೆ. "ನೀವೆಲ್ಲ ಬಂದ್ರಲ್ಲ ಸರ್, ಆಗ್ಲೇ" ಅಂದ. ಇಷ್ಟು ಸರಿಯಾದ ಉತ್ತರ ನನಗೆ ಯಾವ ಕೌಂಟರಿನಲ್ಲೂ ಸಿಕ್ಕಿರಲಿಲ್ಲ.

ಇಲ್ಲಿ ಮಕ್ಕಳ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 140 ಸೆಂಟಿಮೀಟರ್ ದಾಟಿದರೆ ಪೂರ್ತಿ ಟಿಕೆಟ್. ನಮ್ಮ ಕಾಲದಲ್ಲಿ ಬಸ್ಸಿನಲ್ಲಿ ಕಂಡಕ್ಟರ್ ವಯಸ್ಸು ಕೇಳುತ್ತಿದ್ದರು. ಅಮ್ಮ ಎರಡು ವರ್ಷ ಕಮ್ಮಿ ಹೇಳುತ್ತಿದ್ದಳು. ನಾವು ಮುದುರಿಕೊಂಡು ಕೂರುತ್ತಿದ್ದೆವು. ಕಂಡಕ್ಟರಿಗೆ ಸುಳ್ಳು ಅಂತ ಗೊತ್ತಿರುತ್ತಿತ್ತು, ಅವರಿಗೆ ಗೊತ್ತು ಅಂತ ಅಮ್ಮನಿಗೂ ಗೊತ್ತಿರುತ್ತಿತ್ತು. ಆದರೂ ಅರ್ಧ ಟಿಕೆಟ್ ಹರಿಯುತ್ತಿತ್ತು. ಈ ಹಳದಿ ಪಟ್ಟಿಯ ಕಂಬದ ಹತ್ತಿರ ಆ ವ್ಯವಹಾರ ಎಲ್ಲಿ ನಡೆಯುತ್ತೆ? ನನ್ನ ಮಗನನ್ನು ಶೂ ಸಮೇತ ನಿಲ್ಲಿಸಿದರು. ಹೊಸ ಶೂ, ದಪ್ಪ ಸೋಲು. ಎದ್ದು ನಿಂತ ಕೂದಲೂ ಲೆಕ್ಕಕ್ಕೆ ಸೇರಿತು. 141. ಪೂರ್ತಿ ಟಿಕೆಟ್. ನನ್ನ ಜೇಬಿಗೆ ಕತ್ತರಿ, ಅವನಿಗೆ ಖುಷಿಯೋ ಖುಷಿ. ಸಿಕ್ಕ ಸಿಕ್ಕವರಿಗೆಲ್ಲ "ನಾನೀಗ ದೊಡ್ಡೋನು" ಅಂತ ಸಾರಿದ.

ಮುಂದಿನ ಗೇಟಿನಲ್ಲಿ ಅತ್ತೆಯ ಚೀಲ ಹಿಡಿದರು. ಹೊರಗಿನ ತಿಂಡಿ ಒಳಗೆ ಬಿಡಲ್ಲ. ಡಬ್ಬಿ ಮುಚ್ಚಳ ತೆಗೆದ ಕೂಡಲೇ ಪುಳಿಯೋಗರೆ ಘಮ ಸುತ್ತ ಹರಡಿತು. "ಏನಪ್ಪಾ, ಇದ್ರಲ್ಲಿ ಬಾಂಬ್ ಇದ್ಯಾ?" ಅಂದರು ಅತ್ತೆ. ಹುಡುಗ ಪಾಪ, ತಲೆ ಬಗ್ಗಿಸಿ ರೂಲ್ಸ್ ಅಂದ. ಬೆಳಗ್ಗೆ ನಾಲ್ಕಕ್ಕೆ ಎದ್ದು ಕಲಸಿದ್ದನ್ನು ಕಸದ ಬುಟ್ಟಿಗೆ ಹಾಕುವ ವಂಶವಲ್ಲ ಅದು. ಹತ್ತೂವರೆಗೆ ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂತು ಏಳು ಜನ ಮಧ್ಯಾಹ್ನದ ಊಟ ಮುಗಿಸಿದೆವು. ಆ ಹುಡುಗನಿಗೂ ಒಂದು ಎಲೆ ತುಂಬ ಹೋಯಿತು. ತಿಂದ. ಹೊರಗಿನ ತಿಂಡಿ ಅವನ ಹೊಟ್ಟೆಯಲ್ಲಿ ಒಳಗೆ ಹೋಗುವುದಕ್ಕೆ ಅಡ್ಡಿ ಇರಲಿಲ್ಲ.

ಒಳಗೆ ಹೋದರೆ ಮೊದಲು ಕಣ್ಣಿಗೆ ಬಿದ್ದದ್ದು ರೇನ್ ಡ್ಯಾನ್ಸ್. ಏಪ್ರಿಲ್ ಬಿಸಿಲಲ್ಲಿ ಮೇಲಿಂದ ಧೋ ಅಂತ ನೀರು. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತರು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆ ಬೇಸಿಗೆ ಅವರು ನಮ್ಮ ಮನೆಯಲ್ಲಿದ್ದರು. ಅಕ್ಕಿ ತೊಳೆದ ನೀರನ್ನು ತುಳಸಿಗೆ, ಬಟ್ಟೆ ಒಗೆದ ನೀರನ್ನು ಬಚ್ಚಲಿಗೆ ಸುರಿದು ಎರಡು ತಿಂಗಳು ಕಳೆದವರು. ಇಲ್ಲಿ ಇದು ಮರುಬಳಕೆಯ ನೀರು ಅಂತ ದೊಡ್ಡ ಬೋರ್ಡು ಇತ್ತು. ಇರಬಹುದು. ಅತ್ತೆ ಬೋರ್ಡು ಓದಲಿಲ್ಲ. "ಕೆಳಗೊಂದು ಬಕೆಟ್ಟಾದ್ರೂ ಇಡ್ರೋ" ಅಂದರು.

ಅಲ್ಲಿಂದ ದೊಡ್ಡ ರೈಡಿನ ಸಾಲಿಗೆ ಬಂದೆವು. ಸಾಲು ಅಂದರೆ ಹಾವಿನ ಹಾಗೆ ಸುತ್ತಿದ ಕಂಬಿ. ನಿಂತಲ್ಲಿಂದ ರೈಡು ಕಾಣುತ್ತೆ, ಕೂಗು ಕೇಳುತ್ತೆ. ಪಕ್ಕದಲ್ಲೇ ಇನ್ನೊಂದು ಕಂಬಿ, ಖಾಲಿ. ಅದು ಜಾಸ್ತಿ ದುಡ್ಡು ಕೊಟ್ಟವರ ಸಾಲು. ನೋಡಿ, ಎಂಥ ವ್ಯಾಪಾರ! ಮೊದಲು ದುಡ್ಡು ಕೊಟ್ಟು ಸಾಲಿಗೆ ಸೇರಬೇಕು. ಆಮೇಲೆ ಅದರಿಂದ ತಪ್ಪಿಸಿಕೊಳ್ಳುವುದಕ್ಕೆ ಮತ್ತೆ ದುಡ್ಡು ಕೊಡಬೇಕು. ನಮ್ಮ ಸಾಲು ನಿಧಾನವಾದಷ್ಟೂ ಆ ಟಿಕೆಟ್ಟು ಖರ್ಚಾಗುತ್ತೆ. ಅಂದಮೇಲೆ ನಮ್ಮ ಸಾಲು ಬೇಗ ಸಾಗಲಿ ಅಂತ ಯಾರಿಗೆ ಆಸೆ ಇರುತ್ತೆ ಹೇಳಿ.

ಪಾರ್ಕಿನವರನ್ನೇ ಬೈದು ಏನು ಮಾಡುವುದು, ಈ ವಿದ್ಯೆ ದೇವಸ್ಥಾನಕ್ಕೂ ಗೊತ್ತು. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ. 300ರ ಸಾಲು, 1,000ದ ಸಾಲು, ಇನ್ನೊಂದು ಧರ್ಮದರ್ಶನದ ಸಾಲು. ಹೋದ ವರ್ಷ ಹಚ್ಚಿದ ದೀಪ ಈ ವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತೆ ಅಂತ ನಂಬಿಕೆ. ಧರ್ಮದರ್ಶನದ ಸಾಲಿನಲ್ಲಿ ನಿಂತವರಿಗೆ ಇದನ್ನು ನಂಬುವುದು ಕಷ್ಟವೇನಲ್ಲ. ಹೋದ ವರ್ಷ ನಿಂತವರು ಇನ್ನೂ ಅಲ್ಲೇ ಇರುತ್ತಾರೆ.

ಮುಂದೆ ನಿಂತಿದ್ದವರು ಮದ್ದೂರಿನ ಕಡೆಯವರು. ಮಾತಿಗೆ ಸಿಕ್ಕರು. ಮೈಸೂರು ಎಕ್ಸ್‌ಪ್ರೆಸ್‌ವೇ ವಿಷಯ ಬಂತು. 2023ರ ಮಾರ್ಚಿನಲ್ಲಿ ಹೂವು ಎರಚಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲಕ್ಕೂ ನಿಷೇಧ. ವೇಗದ ರಸ್ತೆ, ಅಪಘಾತ ಆಗುತ್ತೆ ಅಂದರು. ಕಾರಣ ಸುಳ್ಳಲ್ಲ, ಎಷ್ಟೋ ಜನ ಸತ್ತಿದ್ದಾರೆ. ಆದರೆ ಇದೇನು ಆಕಾಶದಿಂದ ಇಳಿದ ರಸ್ತೆಯಲ್ಲ. ಅವರ ಅಪ್ಪ ಎತ್ತಿನ ಗಾಡಿ ಹೊಡೆದ ದಾರಿ. ರಸ್ತೆ ಅಗಲ ಮಾಡುವುದಕ್ಕೆ ಜಮೀನು ಕೊಟ್ಟವರು ಆ ಊರಿನವರೇ. ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ಈಗ ಪಕ್ಕದ ಸರ್ವಿಸ್ ರಸ್ತೆ. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು. ಬೇಲಿಯ ಆಚೆ ನಮ್ಮ ಕಾರುಗಳು ಸುಂಯ್ ಅಂತ ಹೋಗುತ್ತವೆ. ನನಗೆ ಇದನ್ನು ತಮಾಷೆಯಾಗಿ ಬರೆಯುವುದಕ್ಕೆ ಬರುತ್ತಿಲ್ಲ. ಜಮೀನು ತಗೊಂಡು, ಆ ಕಡೆ ಬರಬೇಡ ಅನ್ನುವುದಕ್ಕೆ ನಮಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಒಂದೂವರೆ ಗಂಟೆಯಲ್ಲಿ ಮೈಸೂರು ಅಂತ ಸ್ಟೇಟಸ್ ಹಾಕಿದೆವು. ನಾನೂ ಹಾಕಿದ್ದೆ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯಂತೆ. ಸುಮಾರು 17 ಕಿಲೋಮೀಟರ್, ಅಂದಾಜು 17 ಸಾವಿರ ಕೋಟಿಯ ಮೇಲೆ. ಟೋಲ್ ಕಟ್ಟುವ ಕಾರುಗಳು ನೆಲದ ಕೆಳಗೆ. ಮೇಲೆ ನಿಂತ ಬಸ್ಸು ನಿಂತಲ್ಲೇ ಇರುತ್ತೆ. ಅದಕ್ಕೆ ಇನ್ನೊಂದಷ್ಟು ಬಸ್ಸು ಸೇರಿಸಿ, ಅದು ಮುಂದೆ ಹೋಗುವ ಹಾಗೆ ಮಾಡಿ ಅಂದರೆ ಅಭಿವೃದ್ಧಿ ವಿರೋಧಿ ಅಂತಾರೆ.

ಅಷ್ಟರಲ್ಲಿ ಖಾಲಿ ಕಂಬಿಯೂ ತುಂಬಿತ್ತು. ಜಾಸ್ತಿ ಕೊಟ್ಟವರೇ ಜಾಸ್ತಿಯಾಗಿದ್ದರು. ಕಂಬಿಯ ಆಚೆಯಿಂದ ಒಬ್ಬರು ನನ್ನನ್ನು ಕೇಳಿದರು: "ಸರ್, ನಿಮ್ಮ ಲೈನ್ ಹೋಗ್ತಾ ಇದ್ಯಾ?" ಮೂರನೇ ಕಂಬಿಗೆ ಜಾಗ ಎಲ್ಲಿದೆ ಅಂತ ನಾನಾಗಲೇ ನೋಡತೊಡಗಿದ್ದೆ.

ಒಂದು ಗಂಟೆ ಹತ್ತು ನಿಮಿಷ ಆದಮೇಲೆ ರೈಡಿನ ಬಾಗಿಲು ಸಿಕ್ಕಿತು. ಅಲ್ಲಿ ಇನ್ನೊಂದು ಹಳದಿ ಕಂಬ. "ಶೂ ಬಿಚ್ಚು ಪುಟ್ಟಾ." ಬಿಚ್ಚಿದ. ಅಂಗೈಯಿಂದ ಕೂದಲು ಒತ್ತಿ ಹಿಡಿದರು. 138. 140ಕ್ಕಿಂತ ಕಮ್ಮಿ ಇರುವ ಮಕ್ಕಳನ್ನು ಬಿಡಲ್ಲ ಸರ್, ಸೇಫ್ಟಿ.

"ಆ ಗೇಟಲ್ಲಿ 141 ಇತ್ತಲ್ಲಪ್ಪ?"

"ಅದು ಟಿಕೆಟ್ ಎತ್ತರ ಸರ್."

ಮಗ ನನ್ನ ಮುಖ ನೋಡಿದ. ನಾನು ಅವನ ಶೂ ನೋಡಿದೆ. ವಾಪಸ್ ಹೋಗುವುದಕ್ಕೆ ಬೇರೆ ದಾರಿ ಇಲ್ಲ, ಬಂದ ಕಂಬಿಯ ಒಳಗೇ ಎದುರಿಗೆ ನುಸುಳಬೇಕು. ಅವನು ಶೂ ಕೈಯಲ್ಲಿ ಹಿಡಿದುಕೊಂಡು ಮುಂದೆ, ನಾನು ಹಿಂದೆ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾವು ದಾಟಿದ ಮೇಲೆ ಹಿಂದಿನಿಂದ ಯಾರೋ ಖುಷಿಯಲ್ಲಿ ಕೂಗಿದರು: "ಬನ್ರೋ ಬನ್ರೋ, ಇಬ್ಬರು ಹೋದ್ರು!"