ಸಂಕಟಕ್ಕೆ ಶೇಕಡಾ 40 ರಿಯಾಯಿತಿ

ರಾತ್ರಿ ಹನ್ನೊಂದೂವರೆಗೆ ಫೋನು ಟಿಣ್ ಅಂದಿತು. ಆ ಹೊತ್ತಿಗೆ ಫೋನ್ ಸದ್ದು ಮಾಡಿದರೆ ಊರಲ್ಲಿ ಯಾರೋ ಹೋಗಿಬಿಟ್ಟರೇನೋ ಅಂತ ಎದೆ ಧಸಕ್ಕೆನ್ನುತ್ತದೆ. ಎದ್ದು ಕೂತು ನೋಡಿದರೆ ಆನ್‌ಲೈನ್ ಥೆರಪಿ ಆ್ಯಪು. ‘ಇವತ್ತು ನಿಮ್ಮ ಮನಸ್ಸು ಹೇಗಿದೆ? ಸೆಷನ್ ಮೇಲೆ ಶೇಕಡಾ 40 ರಿಯಾಯಿತಿ, ಇನ್ನು ಎರಡೇ ಗಂಟೆ!’ ಅಲ್ಲಿಯವರೆಗೆ ನನ್ನ ಮನಸ್ಸು ಮಲಗಿತ್ತು. ಚೆನ್ನಾಗೇ ಇತ್ತು.

ತಪ್ಪು ನನ್ನದೇ ಬಿಡಿ. ಹೋದ ತಿಂಗಳು ಆಫೀಸಿನ ಕಿರಿಕಿರಿ ಜಾಸ್ತಿಯಾಗಿ ಈ ಆ್ಯಪ್ ಹಾಕಿಕೊಂಡಿದ್ದೆ. ಭಾಷೆ ಆರಿಸಿ ಅಂದಿತು, ಕನ್ನಡ ಒತ್ತಿದೆ. ದುಡ್ಡು ಕಟ್ಟಿದ ಮೇಲೆ ವಿಡಿಯೊದಲ್ಲಿ ಬಂದ ಥೆರಪಿಸ್ಟ್ ಹುಡುಗಿ, ‘ಸರ್, ಕನ್ನಡ ಸ್ವಲ್ಪ ಸ್ವಲ್ಪ ಬರತ್ತೆ’ ಅಂದಳು. ಒಳ್ಳೆಯ ಹುಡುಗಿ, ಅವಳನ್ನು ದೂರಲಾರೆ. ಏನಾಗುತ್ತಿದೆ ಅಂತ ಕೇಳಿದಳು. ‘ಒಂಥರಾ ಸಂಕಟ’ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಹಿಂದಿಯಲ್ಲಿ ಸಂಕಟ ಅಂದರೆ ಪ್ರಳಯಕ್ಕೆ ಒಂದೇ ಮೆಟ್ಟಿಲು ಕಡಿಮೆ. ‘ಸರ್, ನೀವು ಸೇಫ್ ಆಗಿದೀರಾ? ಮನೆಯಲ್ಲಿ ಯಾರಿದ್ದಾರೆ?’ ಅಂತ ಶುರು ಮಾಡಿದಳು. ಅಯ್ಯೋ ತಾಯಿ, ನಮ್ಮ ಸಂಕಟ ಅಂಥದ್ದಲ್ಲ. ಅದರಲ್ಲಿ ಅರ್ಧ ಬಾಸು, ಅರ್ಧ ಮಧ್ಯಾಹ್ನ ತಿಂದ ಬೋಂಡ. ಅದು ಎದೆ ಮತ್ತು ಹೊಟ್ಟೆಯ ನಡುವೆ ಎಲ್ಲೋ ಕೂತಿರುತ್ತದೆ. ಕಸಿವಿಸಿ ಬೇರೆ, ತಳಮಳ ಬೇರೆ, ಹೊಟ್ಟೆ ತೊಳಸಿದ ಹಾಗಾಗುವುದು ಬೇರೆ. ಜೀವ ಹಿಂಡಿದ ಹಾಗಾಗುತ್ತದೆ ಅಂದಿದ್ದಕ್ಕೆ, ‘ಒಂದರಿಂದ ಹತ್ತರಲ್ಲಿ ಎಷ್ಟು ಸರ್?’ ಅಂದಳು. ಜೀವ ಹಿಂಡುವುದನ್ನು ಹೇಗೆ ಅಳೆಯೋದು? ಮುಕ್ಕಾಲು ಪಾವು ಅನ್ನಲಾ? ಸಂಕಟ ಅಂದರೇನು ಅಂತ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬರುವಷ್ಟರಲ್ಲಿ ನಲವತ್ತೈದು ನಿಮಿಷ ಮುಗಿಯಿತು. ಕನ್ನಡ ಪಾಠ ಹೇಳಿಕೊಟ್ಟವನು ನಾನು, ಫೀಸು ಕಟ್ಟಿದವನೂ ನಾನೇ.

ಹಾಗಂತ ಆನ್‌ಲೈನ್ ಥೆರಪಿಯನ್ನು ಬೈಯುತ್ತಿಲ್ಲ. ನಮ್ಮಲ್ಲಿ ಇದರ ಅಗತ್ಯ ಬೇರೆಲ್ಲರಿಗಿಂತ ಜಾಸ್ತಿ. ನಿಮ್ಹಾನ್ಸ್ ಅಂಥ ಸಂಸ್ಥೆಯನ್ನು ಊರಲ್ಲಿಟ್ಟುಕೊಂಡು, ಅದರ ಹೆಸರನ್ನು ಬೈಗುಳ ಮಾಡಿಕೊಂಡ ಜನ ನಾವು. ಹುಬ್ಬಳ್ಳಿ ಕಡೆಯವರಿಗೆ ಅದೇ ಕೆಲಸಕ್ಕೆ ‘ಧಾರವಾಡಕ್ಕ ಕಳಸ್ರಿ ಇವನ್ನ’ ಸಾಕು. ಹೊಸೂರು ರಸ್ತೆಯ ಆ ಗೇಟಿನ ಮುಂದೆ ಇಳಿಸಿ ಅಂದರೆ ಆಟೊದವನು ಕನ್ನಡಿಯಲ್ಲಿ ಒಮ್ಮೆ ನೋಡುತ್ತಾನೆ. ಅಲ್ಲಿ ನಿಮ್ಮನ್ನು ಕಂಡ ಎದುರು ಮನೆ ಆಂಟಿಗಂತೂ ಆ ವಾರ ಹಬ್ಬ. ಹಾಗಿರುವಾಗ, ಹಾಲ್‌ನಲ್ಲಿ ಅತ್ತೆ ಸೀರಿಯಲ್ ನೋಡುತ್ತಿರುವಾಗ, ರೂಮಿನ ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡುವ ಸೊಸೆಗೆ ಈ ಫೋನು ದೊಡ್ಡ ಉಪಕಾರವೇ. ಅವಳಿಗೆ ಬೇಕಾಗಿದ್ದು ಒಂದೇ, ಗುಟ್ಟು.

ಆ ಗುಟ್ಟಿನ ಕಥೆ ಏನಾಯಿತು ಕೇಳಿ. ಅಮೆರಿಕದ ಆನ್‌ಲೈನ್ ಥೆರಪಿ ಕಂಪನಿ ಬೆಟರ್‌ಹೆಲ್ಪ್ ವಾರಕ್ಕೆ 60ರಿಂದ 90 ಡಾಲರ್ ತೆಗೆದುಕೊಂಡು, ‘ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ’ ಅಂತ ಮಾತು ಕೊಟ್ಟಿತ್ತು. ಆಮೇಲೆ ಜನರ ಇಮೇಲನ್ನೂ, ಪ್ರಶ್ನಾವಳಿಗೆ ಕೊಟ್ಟ ಉತ್ತರಗಳನ್ನೂ ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಪಿಂಟರೆಸ್ಟ್‌ಗಳ ಜೊತೆ ಹಂಚಿಕೊಂಡಿತು ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2023ರಲ್ಲಿ ಹೇಳಿತು. ಯಾಕೆ ಹಂಚಿದ್ದು? ಜಾಹೀರಾತಿಗೆ. ಇಂಥದ್ದೇ ಗೋಳಿರುವ ಇನ್ನಷ್ಟು ಜನರನ್ನು ಹುಡುಕಿಕೊಡಿ ಅಂತ. ವೆಬ್‌ಸೈಟಿನಲ್ಲಿ ಆರೋಗ್ಯ ಮಾಹಿತಿ ಕಾಯ್ದೆಯ ಸೀಲು ಬೇರೆ ಇತ್ತಂತೆ, ಯಾವ ಸರ್ಕಾರಿ ಇಲಾಖೆಯೂ ಪರಿಶೀಲಿಸದ ಸೀಲು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಈ ಲೈನಿನಲ್ಲಿ ಎಲ್ಲರೂ ಮಾಡೋದೇ ಇದು ಅಂದಿತು. ಎಂಥ ಸಮಾಧಾನದ ಮಾತು! ಕೊನೆಗೆ 78 ಲಕ್ಷ ಡಾಲರಿಗೆ ರಾಜಿ. 2024ರಲ್ಲಿ ಸುಮಾರು 8 ಲಕ್ಷ ಜನರಿಗೆ ವಾಪಸ್ ಹಂಚಿದರು. ಭಾಗಾಕಾರ ನೀವೇ ಮಾಡಿ, ತಲೆಗೆ ಹತ್ತು ಡಾಲರ್ ಕೂಡ ಬರುವುದಿಲ್ಲ. ಒಂದು ಮಸಾಲೆ ದೋಸೆ ತಿನ್ನೋಕೂ ಅಲ್ಲಿ ಅದು ಸಾಲದು ಅಂತ ಅಲ್ಲಿರುವ ನಮ್ಮವರು ಹೇಳುತ್ತಾರೆ.

ಎದುರು ಮನೆ ಆಂಟಿಗೆ ಹೇಳಿದ್ದರೂ ಸಂಜೆಯೊಳಗೆ ಹಾಲಿನ ಬೂತು, ಮರುದಿನ ದೇವಸ್ಥಾನ ಮುಟ್ಟುತ್ತಿತ್ತು, ಒಪ್ಪಿದೆ. ಆದರೆ ಆಂಟಿ ವಾರಕ್ಕೆ 60 ಡಾಲರ್ ಕೇಳಿದವರಲ್ಲ. ಬಾಗಿಲಿಗೆ ಸೀಲು ಅಂಟಿಸಿಕೊಂಡವರೂ ಅಲ್ಲ. ಕೇಳುವಾಗ ಒಂದು ಲೋಟ ಕಾಫಿಯನ್ನಾದರೂ ಕೊಡುತ್ತಾರೆ.

ಇನ್ನು ತಮಾಷೆ ಮಾಡೋಕೆ ನನಗೆ ಮನಸ್ಸಿಲ್ಲ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ, ಯಾರಿಗೂ ಹೇಳಲಾಗದೆ, ಕೈ ನಡುಗುತ್ತಾ ಟೈಪ್ ಮಾಡುವವರು ಇದ್ದಾರೆ. ಅವರಿಗೆ ತಾನಾಗಿ ಉತ್ತರಿಸುವ ಬಾಟ್ ಒಂದು ‘ಆಳವಾಗಿ ಉಸಿರೆಳೆದುಕೊಳ್ಳಿ’ ಅನ್ನುತ್ತದೆ. ಮುಂದಿನ ಉಸಿರಿಗೆ ಪ್ರೀಮಿಯಂ ತೆಗೆದುಕೊಳ್ಳಿ ಅನ್ನುತ್ತದೆ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು. ಲೈಫ್ ಕೋಚ್ ಆಗೋಕೆ ಒಂದು ರಿಂಗ್ ಲೈಟ್ ಸಾಕು. ಸ್ಕ್ರೀನಿನಲ್ಲಿ ಇಬ್ಬರೂ ಒಂದೇ ಥರ ನಗುತ್ತಾರೆ. ಸುಸ್ತಾದ ಮನುಷ್ಯ ಆ ಹೊತ್ತಿನಲ್ಲಿ ಇಬ್ಬರನ್ನೂ ಬೇರೆ ಮಾಡಬೇಕಾ? ಷರತ್ತು-ನಿಬಂಧನೆ ಓದುತ್ತಾ ಕೂರಬೇಕಾ? ನಾಚಿಕೆಗೇಡು.

14416 ಅಂತ ಒಂದು ನಂಬರ್ ಇದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು, ಇದರ ಮುಂದಾಳು ನಮ್ಮ ನಿಮ್ಹಾನ್ಸೇ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆದರೆ ಅದು ಒಂದು ದಿನವೂ ತಾನಾಗಿ ನನ್ನ ಫೋನಿಗೆ ಬಂದು ಟಿಣ್ ಅಂದಿಲ್ಲ. ಕೂಪನ್ ಇಲ್ಲದ ಸೇವೆಯನ್ನು ಯಾರು ನಂಬುತ್ತಾರೆ ಹೇಳಿ.

ನಿನ್ನೆ ಆ್ಯಪಿನ ಅಕೌಂಟ್ ಅಳಿಸೋಕೆ ಹೋದೆ. ಕಾರಣ ಕೇಳಿತು. ಮೂರು ಆಯ್ಕೆ: ದುಬಾರಿ, ಸಮಯವಿಲ್ಲ, ಈಗ ಚೆನ್ನಾಗಿದ್ದೇನೆ. ಜಗಳ ಯಾಕೆ ಅಂತ ಮೂರನೆಯದನ್ನು ಒತ್ತಿದೆ. ‘ಅಭಿನಂದನೆ! ಸಂಕಟದಲ್ಲಿರುವ ನಿಮ್ಮ ಸ್ನೇಹಿತರ ನಂಬರ್ ಕೊಡಿ, 200 ರೂಪಾಯಿ ಗಳಿಸಿ’ ಅಂದಿತು.

ಎದುರು ಮನೆ ಆಂಟಿಯ ನಂಬರ್ ಕೊಟ್ಟಿದ್ದೇನೆ. ಇನ್ನು ಯಾರ ಗುಟ್ಟು ಯಾರು ಹೊರಗೆ ಹಾಕುತ್ತಾರೋ ನೋಡೋಣ.